ಸಮುದ್ರಕ್ಕೆ ಹೋಗುತ್ತಿದ್ದ ಸಿಹಿನೀರು

ಬೆಳಿಗ್ಗೆ ಆರು ಗಂಟೆಗೆ ಸಮುದ್ರ ಇಳಿತವಾದಾಗ ಕೊಲ್ಲಿಯ ಅರ್ಧದಷ್ಟು ಬಳಚು ಸತ್ತಿತ್ತು. 1956ರ ಏಪ್ರಿಲ್ ತಿಂಗಳು. ಮರಳಿನಲ್ಲಿ ಹುದುಗಿ ಬದುಕುವ ಆ ಚಿಪ್ಪಿಗಳು ದಡದ ಕಡೆ ಬಾಯಿ ತೆರೆದು ಬಿದ್ದಿದ್ದವು. ಕುಮಟೆಯ ದಕ್ಷಿಣಕ್ಕಿದ್ದ ಆ ಕೇರಿಯವರು ಬೇಸಗೆಯಲ್ಲಿ ಬಳಚು ಆಯ್ದು, ಬೇಯಿಸಿ, ಒಣಗಿಸಿ ಇಡುತ್ತಿದ್ದರು. ದೋಣಿ ಇಳಿಸಲಾಗದ ಮಳೆಗಾಲಕ್ಕೆ ಅದೇ ಊಟ.

ವಿಧವೆ ಬೀರಮ್ಮ ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದಳು. ಅವಳ ಜಗಲಿಯಲ್ಲಿ ಹುಲಗಪ್ಪ, ತಿಪ್ಪವ್ವ ಎಂಬ ಗಂಡ ಹೆಂಡತಿ ವಾಸವಾಗಿದ್ದರು. ತನ್ನೂರು ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿದ್ದ ಕಾಲದಿಂದಲೂ ಹುಲಗಪ್ಪನದು ಬಾವಿ ತೋಡುವ ಕೆಲಸ. ಗದಗಿನ ಹತ್ತಿ ವ್ಯಾಪಾರಿ ನಿಜಲಿಂಗಪ್ಪ ಇಲ್ಲಿ ತೋಟ ಕೊಂಡು ಅವನನ್ನು ಕರೆತಂದಿದ್ದ.

ಗುಡ್ಡದ ಬುಡದಿಂದ ಬಂದ ಸೆಲೆಯೊಂದು ಮರಳಿನಡಿ ಹರಿದು ಕೊಲ್ಲಿಗೆ ಸೇರುತ್ತಿತ್ತು. ಇಳಿತದಲ್ಲಿ ಅಲ್ಲಿ ಸಿಹಿನೀರು ಗುಳುಗುಳು ಏಳುವುದನ್ನು ಹುಲಗಪ್ಪ ಬಂದ ಹೊಸದರಲ್ಲೇ ಕಂಡಿದ್ದ. ಇಷ್ಟು ನೀರು ದಂಡವಾಗಿ ಹೋಗುವುದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ತೋಟದಲ್ಲಿ ಸೆಲೆಗೆ ಅಡ್ಡವಾಗಿ ಬಾವಿ ತೋಡಿದ. ಸೆಲೆಯ ನೀರಿನಿಂದಲೇ ಬೇಸಗೆಯಲ್ಲಿ ಕೊಲ್ಲಿಯ ಉಪ್ಪು ಹದದಲ್ಲಿರುತ್ತದೆ, ಬಳಚು ಉಳಿಯುತ್ತದೆ ಎಂದು ಬೀರಮ್ಮ ಆಗಲೇ ಹೇಳಿದ್ದಳು. ಅವನು ನಂಬಿರಲಿಲ್ಲ. ಜನವರಿಯಿಂದ ಬಾವಿಯ ಮೇಲೆ ನೀರೆತ್ತುವ ಆಯಿಲ್ ಎಂಜಿನ್ ಓಡುತ್ತಿತ್ತು.

ಬೀರಮ್ಮ ಬುಟ್ಟಿಯನ್ನು ಜಗಲಿಯಲ್ಲಿಟ್ಟು ಒಳಗೆ ಹೋದಳು. ತಿಪ್ಪವ್ವ ಗಂಡನಿಗೆ ಅಂದಳು.

"ಆಕಿ ಅನ್ನ ಉಂಡು ಆಕಿ ಮಕ್ಕಳ ಬಾಯಾಗ ಮಣ್ಣ ಹಾಕಿದಿ. ಉಳದ ಅರ್ಧ ಸಾಯೂದ್ರಾಗ ಎಂಜಿನ್ ನಿಂದರಸು."

ತೋಟ ಕಾಯುವವನು ಸಾಹುಕಾರರ ಮಾತಿಲ್ಲದೆ ನಿಲ್ಲಿಸಲು ಒಪ್ಪಲಿಲ್ಲ. ಹುಲಗಪ್ಪ ಹುಬ್ಬಳ್ಳಿವರೆಗೆ ಮೋಟಾರು ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಗದಗಿಗೆ ಹೋದ. ಹತ್ತಿ ಪೇಟೆಯ ಅಂಗಡಿಯಲ್ಲಿ ಹೊಸ ರಾಜ್ಯದ ಚರ್ಚೆ ನಡೆದಿತ್ತು. ಅದು ಮುಗಿಯುವವರೆಗೆ ಮೂಲೆಯಲ್ಲಿ ನಿಂತು, ಆಮೇಲೆ ಬಂದ ಕೆಲಸ ಹೇಳಿದ.

"ಏನಲೇ ಹುಲಗ್ಯಾ, ಸಮುದ್ರಕ್ಕ ನೀರಡಿಕಿ ಆಗೇತೇನು?" ಎಂದ ನಿಜಲಿಂಗಪ್ಪ. ಕೂತವರು ನಕ್ಕರು. "ಬೆಟಗೇರಿ ಹೆಣ್ಮಕ್ಕಳು ಒಂದು ಕೊಡಕ್ಕ ನಸಕಿನ್ಯಾಗ ಎದ್ದು ಬಾವಿಕಟ್ಟಿ ಕಾಯತಾರ. ನೀ ಸಮುದ್ರಕ್ಕ ನೀರು ಬಿಡ್ರಿ ಅಂತಿ."

ಬಾವಿ ತೋಡುವಾಗ ಹುಲಗಪ್ಪನ ಮನಸ್ಸಿನಲ್ಲಿದ್ದದ್ದೂ ಇದೇ ಮಾತು.

"ಖರೆ ಐತ್ರಿ ಸಾವ್ಕಾರ್ರ. ನಾನೂ ಹಂಗ ತಿಳದಿದ್ದೆ. ಆದ್ರ ಆ ನೀರಿನ ಮ್ಯಾಲೆ ಒಂದು ಕೇರಿ ಬದಕತೈತ್ರಿ."

ನಿಜಲಿಂಗಪ್ಪ ಎದ್ದು ಗಿರಾಕಿಗಳ ಕಡೆ ಹೋದ. ಹುಲಗಪ್ಪ ಹೊರಗೆ ಕಟ್ಟೆಯ ಮೇಲೆ ಕೂತ. ಮರುದಿನವೂ ಬಂದು ಅಲ್ಲೇ ಕೂತ. ಸಂಜೆ ಅಂಗಡಿ ಮುಚ್ಚುವಾಗ ನಿಜಲಿಂಗಪ್ಪ, ಮಳೆ ಬರುವ ತನಕ ಎಂಜಿನ್ ನಿಲ್ಲಿಸು, ತೆಂಗಿನ ಸಸಿ ಒಣಗಿದರೆ ಮತ್ತೆ ಮುಖ ತೋರಿಸಬೇಡ ಎಂದು ಹೇಳಿ ಟಾಂಗಾ ಹತ್ತಿದ.

ಹುಲಗಪ್ಪ ಮರಳಿ ಬಂದಾಗ ತೋಟ ಕಾಯುವವನೇ ಎಂಜಿನ್ ನಿಲ್ಲಿಸಿದ್ದ. ಬಾವಿಯ ನೀರು ಉಪ್ಪಾಗಿತ್ತು; ಸಸಿಗಳ ಗರಿ ಅಂಚಿನಲ್ಲಿ ಸುಟ್ಟಿತ್ತು. ಎಂಜಿನ್ ಎಳೆದು ಎಳೆದು ಸಿಹಿನೀರು ಹಿಂದೆ ಸರಿದಿತ್ತು, ಆ ಜಾಗಕ್ಕೆ ಸಮುದ್ರ ನುಗ್ಗಿತ್ತು. ಅವನು ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದ.

ಇಳಿತದ ಹೊತ್ತಿಗೆ ಕೊಲ್ಲಿಗೆ ಹೋಗಿ, ಮೊದಲು ನೀರು ಏಳುತ್ತಿದ್ದ ಜಾಗವನ್ನು ಕೈಯಿಂದ ತೋಡಿದ. ಮೊಣಕೈ ಮುಳುಗುವಷ್ಟು ತೋಡಿದಾಗ ನೀರು ಬಂತು. ಅದೂ ಉಪ್ಪೇ. ತಿಪ್ಪವ್ವ ಬಂದು ಪಕ್ಕದಲ್ಲಿ ಕೂತು ತಾನೂ ತೋಡತೊಡಗಿದಳು. ಭರತ ಏರಿ ಇಬ್ಬರನ್ನೂ ಎಬ್ಬಿಸಿತು.

ಮೇ ತಿಂಗಳಲ್ಲಿ ಉಳಿದ ಬಳಚೂ ಸತ್ತಿತು. ಜೂನ್‌ನಲ್ಲಿ ಮಳೆ ಹಿಡಿದು ಕೇರಿಯವರು ದೋಣಿಗಳನ್ನು ದಡಕ್ಕೆ ಎಳೆದಾಗ ಬೀರಮ್ಮ ಮನೆಯ ಬಾಗಿಲು ಹಾಕಿ, ಮಕ್ಕಳನ್ನು ಕರೆದುಕೊಂಡು ಘಟ್ಟದ ಮೇಲೆ ಕೂಲಿಗೆ ಹೋದಳು.