ಅಡುಗೆಮನೆಯೊಳಗಿನ ಚಪ್ಪಲಿ

ನಾನು ಒಂದು ಜೊತೆ ಹವಾಯಿ ಚಪ್ಪಲಿ. ಬಿಳಿ ಅಟ್ಟೆ, ನೀಲಿ ಪಟ್ಟಿ, ಏಳನೇ ನಂಬರು. ಕಾರ್ಖಾನೆಯಲ್ಲಿ ರಬ್ಬರಿನ ಹಾಳೆಯಿಂದ ನನ್ನನ್ನು ಕತ್ತರಿಸಿ ತೆಗೆದಾಗ, ಎಲ್ಲ ಚಪ್ಪಲಿಗಳ ಹಾಗೆ ನನ್ನ ಬಾಳೂ ಹೊಸ್ತಿಲಾಚೆಯೇ ಎಂದು ತಿಳಿದಿದ್ದೆ.

ಆದರೆ ತಿಪಟೂರಿನ ಪಂಕಜಮ್ಮ ನನ್ನನ್ನು ಅಂಗಡಿಯಿಂದ ತಂದವರೇ ಸೋಪಿನ ನೀರಲ್ಲಿ ತೊಳೆದು, ನೇರವಾಗಿ ಅಡುಗೆಮನೆಗೆ ಒಯ್ದು ಗ್ರೈಂಡರಿನ ಮುಂದೆ ಇಟ್ಟರು. ಬೇರೆ ಚಪ್ಪಲಿ ಬಾಗಿಲು ದಾಟಿದರೆ ರಂಪ ಮಾಡುವ ಮಡಿಯ ಹೆಂಗಸು ಅವರು! ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಬೀದಿಗಳಿಗೆ ಮಾರುತ್ತಿದ್ದರು. ನೆಲದ ಮೇಲೆ ನಿಂತ ಆ ದೊಡ್ಡ ಗ್ರೈಂಡರ್ ಮುಟ್ಟಿದರೆ ಕರೆಂಟು ತಾಗಿ ಕೈ ಜುಮ್ ಎನ್ನುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ನಾನು.

ಮೊದಲ ದಿನ ನನ್ನ ಮೇಲೆ ನಿಂತು, ಗ್ರೈಂಡರಿಗೆ ಒಂದು ಬೆರಳು ತಾಕಿಸಿ ನೋಡಿದರು. “ಹಾಂ, ಏನೂ ಆಗ್ಲಿಲ್ಲ” ಎಂದರು. ನನಗೆ ಕೊಂಬು ಬಂದಿತು. ದೇವರ ಕೋಣೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ರಾಜನ ಹಾಗೆ ಬಿದ್ದುಕೊಂಡಿದ್ದೆ. ಮಗನ ಮದುವೆಯಾಗಿ ಸೊಸೆ ವನಮಾಲಾ ಬಂದಾಗ, ಉಪ್ಪಿನ ಡಬ್ಬಿಗಿಂತ ಮೊದಲು ಅವಳಿಗೆ ತೋರಿಸಿದ್ದು ನನ್ನನ್ನೇ.

“ಹಿಟ್ಟು ತೆಗಿಯೋವಾಗ ಇದನ್ನ ಹಾಕ್ಕೊಳಮ್ಮ. ಮರೀಬೇಡ.”

“ರಿಪೇರಿ ಮಾಡ್ಸೋದಲ್ವಾ ಅತ್ತೆ?”

“ಚೆನ್ನಾಗೇ ತಿರುಗ್ತಿದೆ ಕಣೇ, ರಿಪೇರಿ ಯಾತಕ್ಕೆ?”

ವನಮಾಲಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಅವಳ ಪಾದಗಳು ಊದಿಕೊಂಡವು. ಒಂದು ಬೆಳಗ್ಗೆ ಎಷ್ಟು ತೂರಿಸಿದರೂ ಅವಳ ಕಾಲು ನನ್ನ ಪಟ್ಟಿಯೊಳಗೆ ಹೋಗಲಿಲ್ಲ. ನೆಲದ ಮೇಲೆ ಅಕ್ಕಿ ತೊಳೆದ ನೀರು ಚೆಲ್ಲಿತ್ತು. “ಒಂದ್ನಿಮಿಷದ ಕೆಲಸ” ಎಂದುಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿ ಬರಿಗಾಲಲ್ಲಿ ನಿಂತಳು. ನನಗೆ ಬಾಯಿಲ್ಲ. ಇದ್ದಿದ್ದರೆ ಊರಿಗೇ ಕೇಳುವಂತೆ ಕೂಗುತ್ತಿದ್ದೆ.

ಅವಳ ಕೈ ಗ್ರೈಂಡರಿಗೆ ಅಂಟಿಕೊಂಡಿತು. ಎಳೆಯಲು ಓಡಿ ಬಂದ ಪಂಕಜಮ್ಮ, ಏನು ತೋಚಿತೋ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಗೋಡೆಯ ಸ್ವಿಚ್ ಆರಿಸಿದರು. ವನಮಾಲಾ ಅಕ್ಕಿ ಮೂಟೆಗೆ ಒರಗಿ ಕುಸಿದಳು. ಅತ್ತೆ, ಸೊಸೆ ಆಸ್ಪತ್ರೆಯಿಂದ ಬರುವ ತನಕ ನಾನು ಪಟ್ಟ ಸಂಕಟ ಹೇಳತೀರದು. ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. “ಮಗು ಎದೆಬಡಿತ ಚೆನ್ನಾಗಿದೆ ಅಂದ್ರು ಡಾಕ್ಟ್ರು” ಎಂದು ಪಕ್ಕದ ಮನೆಯವರಿಗೆ ಹೇಳುತ್ತಲೇ ಪಂಕಜಮ್ಮ ಅತ್ತುಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು.

ಮರುದಿನ ಎಲೆಕ್ಟ್ರಿಷಿಯನ್ ಖಲೀಲ್ ಬಂದ. ಮೇನ್ ಆರಿಸಿ, ಗ್ರೈಂಡರಿನ ಪ್ಲಗ್ ಪಾಯಿಂಟ್ ಬಿಚ್ಚಿದ.

“ಅಮ್ಮಾ, ಅರ್ಥ್ ಇಲ್ವಲ್ಲ!”

“ಏನು, ನನ್ನ ಮಾತಿಗೆ ಅರ್ಥ ಇಲ್ವಾ? ಆರು ವರ್ಷದಿಂದ ಚಪ್ಪಲಿ ಹಾಕ್ಕೊಂಡೇ ರುಬ್ತಿದೀನಪ್ಪ!”

“ನಿಮ್ಮ ಮಾತಿಗಲ್ಲಮ್ಮ, ಈ ಪಾಯಿಂಟಿಗೆ. ಮೂರನೇ ತೂತಿಗೆ ವೈರೇ ಕೊಟ್ಟಿಲ್ಲ ನೋಡಿ. ಗ್ರೈಂಡರ್ ಮೈಗೆ ಬಂದ ಕರೆಂಟು ನೆಲಕ್ಕಿಳಿಯೋಕೆ ಬೇರೆ ದಾರಿ ಇಲ್ಲ, ಮುಟ್ಟಿದವರ ಮೈಯಿಂದ್ಲೇ ಇಳಿಯತ್ತೆ. ಜುಮ್ ಅಂದ ದಿನವೇ ಕರೀಬೇಕಿತ್ತು ನನ್ನ.” ನನ್ನ ಕಡೆ ನೋಡಿ, “ಇದನ್ನ ನಂಬ್ಕೊಂಡು ಕೂತಿದ್ರಾ?” ಎಂದ.

ನನ್ನ ಕೊಂಬು ಅಲ್ಲೇ ಮುರಿಯಿತು. ನಾಚಿಕೆಯಾಯಿತು. ಅವನು ಹೇಳಿದ್ದು ನಿಜ. ನಾನಿದ್ದೇನೆ ಎಂಬ ಧೈರ್ಯದಲ್ಲೇ ಆರು ವರ್ಷ ಯಾರೂ ಅವನನ್ನು ಕರೆದಿರಲಿಲ್ಲ.

ಖಲೀಲ್ ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ಅಲ್ಲಿಂದ ಆ ಮೂರನೇ ತೂತಿಗೆ ವೈರ್ ಎಳೆದ. ಗ್ರೈಂಡರಿನೊಳಗೆ ಸಿಪ್ಪೆ ಕಳಚಿದ್ದ ವೈರನ್ನು ಬದಲಿಸಿದ. ಮೀಟರಿನ ಪಕ್ಕ, ಕರೆಂಟು ಸೋರಿದರೆ ತಾನೇ ಆರುವ ಒಂದು ಟ್ರಿಪ್ ಸ್ವಿಚ್ ಕೂರಿಸಿದ. “ತಿಂಗಳಿಗೊಂದ್ಸಲ ಇದರ ಈ ಬಟನ್ ಒತ್ತಿ ನೋಡಿ. ಕರೆಂಟು ಟಪ್ ಅಂತ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಫೋನ್ ಮಾಡಿ” ಎಂದ.

ಅವನು ಟೆಸ್ಟರ್ ಇಟ್ಟು ನೋಡಿದ ಮೇಲೆ ಪಂಕಜಮ್ಮ ಸೊಸೆಯನ್ನು ಹಿಂದೆ ನಿಲ್ಲಿಸಿ, ತಾವೇ ಬರಿಗಾಲಲ್ಲಿ ಮುಂದೆ ಬಂದು, ಕಣ್ಣು ಮುಚ್ಚಿ ಗ್ರೈಂಡರಿನ ಮೇಲೆ ಇಡೀ ಅಂಗೈ ಊರಿದರು.

“ಅಯ್ಯೋ, ಇಷ್ಟು ತಣ್ಣಗಿರತ್ತಾ ಇದು!” ಎಂದರು.

ಆಮೇಲೆ ನನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹಿತ್ತಿಲ ಬಾಗಿಲಾಚೆ ಇಟ್ಟರು. ಈಗ ನನ್ನ ಹಿಮ್ಮಡಿ ತೂತಾಗಿದೆ, ಪಟ್ಟಿಗೆ ಪಿನ್ನು ಚುಚ್ಚಿದ್ದಾರೆ. ಬಟ್ಟೆ ಒಗೆಯುವಾಗ ಯಾರಾದರೂ ಮೆಟ್ಟಿಕೊಳ್ಳುತ್ತಾರೆ. ಬಾಗಿಲು ತೆರೆದಿದ್ದರೆ ಅಡುಗೆಮನೆ ಕಾಣುತ್ತದೆ.

ಮೊನ್ನೆ ರುಬ್ಬುವ ಕೆಲಸ ಮುಗಿದು ನೆಲ ಇನ್ನೂ ಒದ್ದೆಯಿತ್ತು. ವನಮಾಲಾಳ ಮಗಳು ಅಂಬೆಗಾಲಿಡುತ್ತ ಬಂದು, ಗ್ರೈಂಡರನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು. ಅದೇ ಮೊದಲು ಅವಳು ನಿಂತದ್ದು. “ನೋಡೇ ವನಮಾಲಾ, ನಿಂತೇಬಿಟ್ಳು!” ಎಂದು ಪಂಕಜಮ್ಮ ಚಪ್ಪಾಳೆ ತಟ್ಟಿದರು. ಸದ್ಯ, ನನ್ನ ನೆನಪು ಯಾರಿಗೂ ಬರಲಿಲ್ಲ.