ಅಟ್ಟದ ಮೇಲಿನ ಹೊಸ ಜಾಕೆಟ್ಟು

ಅಘನಾಶಿನಿ ಹೊಳೆಯ ನಡುವೆ ಇರುವ ಕಾಂಡ್ಲಕುರ್ವೆ ಎಂಬ ನಡುಗಡ್ಡೆಗೆ ಸೇತುವೆಯಿಲ್ಲ. ಅಕ್ಕಿ ಚೀಲ, ಮದುವೆಯ ದಿಬ್ಬಣ, ಬಾಣಂತಿ, ಕೂಸು ಎಲ್ಲವೂ ದೋಣಿಯಲ್ಲೇ ದಾಟಬೇಕು. ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲವೆಂದಲ್ಲ, ಇವೆ. ಆದರೆ ಜನ ಅವುಗಳ ಮೇಲೆ ಕೂತಿರುತ್ತಾರೆ. ಹಲಗೆ ಒದ್ದೆ, ಸೀರೆ ನೆನೆಯಬಾರದಲ್ಲ!

ಆ ದಿನ ಬೆಳಗಿನಿಂದಲೂ ಕಮಲಿಗೆ ಕೈ ಓಡಲಿಲ್ಲ. ಭಟ್ಕಳದ ಕಡೆಯಿಂದ ಕಾಲೇಜಿನ ಮಕ್ಕಳು ಅಧ್ಯಯನ ಪ್ರವಾಸಕ್ಕೆ ಬಂದು ಕುರ್ವೆಯ ಶಾಲೆಯಲ್ಲಿ ಉಳಿದಿದ್ದರು. ಅವರಿಗೆ ಅನ್ನ ಬೇಯಿಸಿ ಹಾಕಿದವಳು ಅವಳೇ. ಹಗಲೆಲ್ಲ ಕೆಸರಿಗಿಳಿದು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು ಅಳೆಯುವುದು, ಏಡಿಯ ಬಿಲ ಇಣುಕುವುದು, ಸಂಜೆ ಅವಳ ಒಲೆಯ ಸುತ್ತ ಕೂತು ಹರಟುವುದು. ಇಂದು ಕೊನೆಯ ದಿನ. ಅಂಗಳದ ಹಗ್ಗದ ಮೇಲಿದ್ದ ಕೆಸರು ಬಟ್ಟೆಗಳೆಲ್ಲ ಚೀಲ ಸೇರಿದ್ದವು. ಹಗ್ಗ ಬರಿದಾಗಿ ತೂಗುತ್ತಿತ್ತು. ಅದನ್ನು ನೋಡಲಾರದೆ ಕಮಲಿ ಒಳಗೆ ಹೋದಳು.

ಆ ಮಕ್ಕಳಲ್ಲೊಬ್ಬಳು, ಮುಟ್ಟಳ್ಳಿಯ ಸುಚಿತಾ, ಹಿಂದೆಯೇ ಬಂದಳು. ಗದ್ದೆ ಮಾಡುವ ಮನೆಯ ಹುಡುಗಿ, ಬಂದ ದಿನ ದೋಣಿ ಅಲುಗಾಡಿದ್ದಕ್ಕೇ ಕಮಲಿಯ ಸೆರಗು ಹಿಡಿದು ಕೂತವಳು.

"ಅಮ್ಮಾ, ನಿಮ್ಮ ಬಳಚು ಚಿಪ್ಪಿನ ಪಲ್ಯ ಇನ್ನು ನಂಗೆ ಯಾರು ಮಾಡಿ ಹಾಕ್ತಾರೆ?"

"ನಿಮ್ಮನಿಗೇ ಬಂದು ಮಾಡಿ ಹಾಕ್ತೆ. ಕಣ್ಣೀರು ಎಂತಕ್ಕೆ ಹುಡ್ಗಿ?"

"ನಿಮ್ಮ ಒಲೆ ಹೊಗೆ ಅಮ್ಮಾ."

ಒಲೆ ಆಗಲೇ ಆರಿತ್ತು.

ಅಷ್ಟರಲ್ಲಿ ಹೊಳೆಯ ಬದಿಯಿಂದ ದೋಣಿ ನಡೆಸುವ ಕಮಲಿಯ ಗಂಡ ಶನಿಯಾರ ಕೂಗಿದ. "ಇಳಿತ ಸುರು ಆತು, ಗಾಳಿನೂ ಎದ್ದದೆ! ಹಿರೇಗುತ್ತಿ ಬದಿಗೆ ಬಸ್ಸು ಕಾಯ್ತದೆ. ಬರೂದಾದ್ರೆ ಬೇಗ ಬನ್ನಿ!"

ನೀರು ಸಮುದ್ರದ ಕಡೆಗೆ ಇಳಿಯುವಾಗ ಗಾಳಿ ಎದುರಿನಿಂದ ಬಂದರೆ ಹೊಳೆಯ ನಡುವೆ ತೆರೆ ಏಳುತ್ತದೆ. ಅದನ್ನು ಕುರ್ವೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಮಲಿ ಸೆರಗು ಸಿಕ್ಕಿಸಿಕೊಂಡು ಮಕ್ಕಳ ಹಿಂದೆ ನಡೆದಳು.

ಮಕ್ಕಳನ್ನು ಕರೆತಂದಿದ್ದ ಉಪನ್ಯಾಸಕಿ ಕವಿತಾ ಅಕ್ಕೋರು ದಡದಲ್ಲೇ ಎಲ್ಲರನ್ನೂ ನಿಲ್ಲಿಸಿದರು. "ಜಾಕೆಟ್ ಹಾಕ್ಕಂಡೇ ದೋಣಿ ಹತ್ತಬೇಕು. ಹತ್ತಿದ ಮೇಲಲ್ಲ." ಒಬ್ಬೊಬ್ಬರ ಬಕಲ್ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದರು. "ಎಳೆದಾಗ ಕಿವಿವರೆಗೆ ಬಂತಾ? ಹಂಗಾರೆ ಸಡಿಲ ಅದೆ, ಬಿಗಿ ಮಾಡು."

ಶನಿಯಾರ ಇಂಜಿನ್ನಿನ ಪಕ್ಕ ಕೂತು ನಗುತ್ತಿದ್ದ.

"ಅಜ್ಜಾ, ನಿಮ್ಮದೆಲ್ಲಿ?" ಎಂದಳು ಸುಚಿತಾ.

"ಇಲ್ಲೇ ಅದೆ ನೋಡು, ನನ್ನ ಅಂಡಿನ ಬುಡಕ್ಕೆ!"

ಮಕ್ಕಳು ಹೋ ಎಂದು ನಕ್ಕರು. ಶನಿಯಾರನಿಗೆ ಹುರುಪು ಬಂತು. "ನಾ ಹುಟ್ಟಿದ್ದೇ ಈ ಹೊಳೆ ಬದಿಗೆ. ಮೀನಿಗೆ ಯಾರಾದ್ರೂ ಜಾಕೆಟ್ ಹೊಲಿಸ್ತಾರಾ?"

ಸುಚಿತಾ ಮಾತ್ರ ನಗಲಿಲ್ಲ, ದೋಣಿಯನ್ನೂ ಹತ್ತಲಿಲ್ಲ. "ನಮಗ್ಯಾರಿಗೂ ದೋಣಿ ನಡೆಸೂಕೆ ಬರೂದಿಲ್ಲ ಅಜ್ಜಾ. ನೀವೇ ಬಿದ್ರೆ, ಜಾಕೆಟ್ ಹಾಕ್ಕಂಡು ಕೂತ ನಾವೆಲ್ಲ ಎಲ್ಲಿಗೆ ಹೋಗೂದು? ಗೋವೆಗಾ?"

"ನಾ ಬೀಳೂದಿಲ್ಲ. ಬಿದ್ರೂ ನಂಗೆ ಈಜು ಬರ್ತದೆ."

ಆ ಮಾತು ಕೇಳಿದ್ದೇ ಕಮಲಿ ದೋಣಿಯ ಹತ್ತಿರ ಬಂದಳು. ಇದೇ ಮಾತನ್ನು ಇದೇ ದಡದಲ್ಲಿ ಅವಳ ಮೈದುನ ಅಣ್ಣಪ್ಪ ಹೇಳುತ್ತಿದ್ದ. ಅವಳು ಹೊಸ ಮದುವಣಗಿತ್ತಿಯಾಗಿ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅತ್ತಿಗೆಗೆ ಅಬ್ಬಲಿಗೆ ಮಾಲೆ ಬೇಕೆಂದರೆ ಆಚೆ ದಡಕ್ಕೆ ಈಜಿ ಹೋಗಿ, ಒಂದು ಕೈಯಲ್ಲಿ ಮಾಲೆಯನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲೇ ಈಜಿ ಬರುತ್ತಿದ್ದ. ಒಂದು ಹೂವೂ ನೆನೆಯುತ್ತಿರಲಿಲ್ಲ. ಅಂಥವನು ಒಂದು ಸಂಜೆ ಇಂಥದೇ ಗಾಳಿಯಲ್ಲಿ ದೋಣಿ ವಾಲಿದಾಗ ತಲೆಗೆ ಪೆಟ್ಟು ಬಿದ್ದು ನೀರಿಗೆ ಉರುಳಿದ, ಮತ್ತೆ ಮೇಲೇಳಲಿಲ್ಲ.

"ಅಣ್ಣಪ್ಪನಿಗೂ ಬರ್ತಿತ್ತು, ತಲೆಗೆ ಪೆಟ್ಟು ಬೀಳೂವರೆಗೆ," ಎಂದಳು ಕಮಲಿ.

ಶನಿಯಾರನ ನಗು ನಿಂತಿತು. ಆ ಹೆಸರನ್ನು ಅವರ ಮನೆಯಲ್ಲಿ ಆಡದೆ ಬಹಳ ಕಾಲವಾಗಿತ್ತು.

ಅಕ್ಕೋರು ಮೆಲ್ಲಗೆ ಹೇಳಿದರು: "ಈಜು ಬರೂದು ಒಳ್ಳೇದೇ ಅಜ್ಜಾ. ಆದ್ರೆ ಎಚ್ಚರ ತಪ್ಪಿದವನ ಕೈಕಾಲಿಗೆ ಈಜು ನೆನಪಿರೂದಿಲ್ಲ. ಜಾಕೆಟ್ಟು ಅಂಥವರನ್ನೂ ತೇಲಿಸಿ ಹಿಡೀತದೆ."

ಶನಿಯಾರ ಎದ್ದು ತನ್ನ ಜಾಕೆಟ್ ಎತ್ತಿ ಕೊಟ್ಟ. ಅದು ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಅಕ್ಕೋರು ಅದನ್ನು ಹಿಸುಕಿ ನೋಡಿ ತಲೆಯಾಡಿಸಿದರು. "ಕೂತು ಕೂತು ಒಳಗಿನ ಫೋಮು ಸತ್ತೇ ಹೋಗ್ಯದೆ. ಇದನ್ನ ನಂಬೂಕಾಗ. ಬೇರೆ ಇಲ್ಲಾ?"

"ಅದೆ," ಎಂದವಳೇ ಕಮಲಿ ಮನೆಗೆ ಓಡಿದಳು.

ಅಟ್ಟದ ಮೇಲೆ ಹೊಸ ಜಾಕೆಟ್ಟು ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಸಾಹೇಬರು ದೋಣಿಯ ತಪಾಸಣೆಗೆ ಬಂದರೆ ತೋರಿಸಲು ಎಂದು ಎತ್ತಿಟ್ಟದ್ದು. ಅದರ ಪಕ್ಕದಲ್ಲೇ ಹಗ್ಗದಿಂದ ಜೋಡಿಸಿ ಕಟ್ಟಿದ ಎರಡು ಒಣ ತೆಂಗಿನಕಾಯಿ, ಹೊಗೆ ಹಿಡಿದು ಕಪ್ಪಾಗಿದ್ದವು. ಶನಿಯಾರ, ಅಣ್ಣಪ್ಪ ಇಬ್ಬರೂ ಈಜು ಕಲಿತದ್ದು ಅದನ್ನೇ ಮೈಗೆ ಕಟ್ಟಿಕೊಂಡು. ಕಮಲಿ ಎರಡನ್ನೂ ತಂದು ಗಂಡನ ಮುಂದೆ ಇಟ್ಟಳು.

"ಯಾವುದು ಬೇಕು ಕಟ್ಟಿಕಳ್ಳಿ. ನಿಮ್ಮ ಅವ್ವಿ ಕಾಯಿ ಕಟ್ಟಿ ಹೊಳೆಗೆ ಇಳಿಸ್ದಾಗ ನಾಚಿಕೆ ಆಗ್ಲಿಲ್ಲ. ಈಗ ಎಂತ ನಾಚಿಕೆ? ಇದೂ ಅದೇ ಅಲ್ದಾ, ಕೇಸರಿ ಬಣ್ಣ ಹಚ್ಚಿದ್ದು ಅಷ್ಟೇ."

ಶನಿಯಾರ ಕಾಯಿಯ ಹಗ್ಗದ ಗಂಟನ್ನು ಸ್ವಲ್ಪ ಹೊತ್ತು ಸವರಿದ. ಅದು ಅವನ ತಾಯಿ ಹಾಕಿದ ಗಂಟು. ಆಮೇಲೆ ಕವರಿನ ಕಡೆ ನೋಡಿದ. "ಹೊಸದು... ನೀರು ತಾಗಿ ಹಾಳಾದ್ರೆ? ಸಾಹೇಬರು ಬಂದ್ರೆ ಎಂತ ತೋರ್ಸೂದು?"

"ಸಾಹೇಬರು ಬಂದಾಗ ತೋರ್ಸೂಕೆ ನೀವು ಇರೂಕೆ ಬೇಕಲ್ಲಾ!"

ಕವರು ಹರಿಯಿತು. ಸುಚಿತಾ ಬಕಲ್ ಹಾಕಿದಳು, ಭುಜ ಹಿಡಿದು ಎಳೆದು ನೋಡಿದಳು. "ಕಿವಿ ಮುಟ್ಟಲಿಲ್ಲ, ಪಾಸು!" ಎಂದಳು. ಮಕ್ಕಳು ಚಪ್ಪಾಳೆ ಹೊಡೆದರು. ಶನಿಯಾರ ಮದುಮಗನಂತೆ ತಲೆ ತಗ್ಗಿಸಿದ.

ದೋಣಿ ಹೊರಟಿತು. ಬೀಸುವ ಕೈಗಳೆಲ್ಲ ಸಣ್ಣವಾದವು, ನಡುವಿನ ತೆರೆಯಲ್ಲಿ ದೋಣಿ ಎರಡು ಸಲ ಎದ್ದು ಬಿತ್ತು. ಆಚೆ ದಡ ಮುಟ್ಟಿದ್ದು ಕಂಡಿತು. ಕಮಲಿ ಮನೆಗೆ ಹೋಗಲಿಲ್ಲ. ಕಾಯಿಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ದಡದಲ್ಲೇ ಕೂತಳು.

ಬೆಳಕು ಇಳಿಯಿತು. ಮದುವೆಯಾದಂದಿನಿಂದ ಅವಳು ಕಾದ ಸಂಜೆಗಳೆಲ್ಲ ಒಂದೇ ಥರ: ಕಪ್ಪು ನೀರು, ಕಪ್ಪು ದೋಣಿಗಳು, ಯಾರದು ಯಾವುದೋ ಗೊತ್ತಾಗದ ತಳಮಳ. ಇಂದು ಹಾಗಲ್ಲ. ನೀರಿನ ಮೇಲೆ ದೂರದಲ್ಲಿ ಒಂದು ಕೇಸರಿ ಚುಕ್ಕಿ ಕಂಡಿತು. ಅದು ಮೆಲ್ಲಗೆ ದೊಡ್ಡದಾಯಿತು, ಅದಕ್ಕೆ ಬಿಳಿ ತಲೆ ಬಂತು, ಕೈಕಾಲು ಬಂತು. ಕಮಲಿ ಎದ್ದು ನಿಂತಳು.

"ಇನ್ನೂ ಬಿಚ್ಚಲಿಲ್ವಾ?" ಎಂದು ಕೇಳಿದಳು.

"ಬಿಚ್ಚೂಕೆ ಬರೂದಿಲ್ಲ ಮಾರಾಯ್ತಿ. ಆ ಹುಡ್ಗಿ ಹಾಕೂದು ಒಂದೇ ಕಲಿಸಿ ಹೋಯ್ತು."

ಹೊಳೆ, ಸಮುದ್ರ ದಾಟುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದೋಣಿ ಹತ್ತುವ ಮೊದಲೇ ಜಾಕೆಟ್ ತೊಡಿ, ಬಕಲ್ ಬಿಗಿ ಮಾಡಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಅದರ ಮೇಲೆ ಕೂರಬೇಡಿ, ಗಂಟು ಕಟ್ಟಿ ಎತ್ತಿಡಬೇಡಿ. ಚಪ್ಪಟೆಯಾದದ್ದನ್ನು, ಹರಿದದ್ದನ್ನು ಬದಲಿಸಿ. ದೋಣಿಯಲ್ಲಿ ಜಾಕೆಟ್ ಸಾಲದಿದ್ದರೆ ಮುಂದಿನ ದೋಣಿಗೆ ಕಾಯಿರಿ. ದೋಣಿ ನಡೆಸುವವರನ್ನೂ ಕೇಳಿ: ನಿಮ್ಮದೆಲ್ಲಿ? ನಿಮ್ಮ ಅಟ್ಟದ ಮೇಲೆ ಒಂದು ಹೊಸದು ಇದ್ದರೆ ಇವತ್ತೇ ಇಳಿಸಿ. ದಡದಲ್ಲಿ ಒಬ್ಬರು ನಿಮಗಾಗಿ ಕಾಯುತ್ತಿದ್ದಾರೆ.