ಬೆಳಕಾದ ಮೇಲೆ ಓಟ

ಮೂಡುಬಿದಿರೆಯ ಸಾಧನಾ ನಲವತ್ತು ದಾಟಿದ ಮೇಲೆ ಓಡಲು ಶುರುಮಾಡಿದಾಗ ಮನೆಯವರೆಲ್ಲ ಅದನ್ನು ನಾಲ್ಕು ದಿನದ ಹುಚ್ಚು ಎಂದುಕೊಂಡಿದ್ದರು. ಬಿ.ಸಿ. ರೋಡಿನ ತಾಲೂಕು ಕಚೇರಿಯಲ್ಲಿ ಅವಳಿಗೆ ಕೆಲಸ. ದಿನವಿಡೀ ಕುರ್ಚಿ, ಮತ್ತೆ ಬಸ್ಸಿನ ಸೀಟು. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ನಡೆಯತೊಡಗಿದಳು. ನಡಿಗೆ ಯಾವಾಗಲೋ ಓಟವಾಯಿತು. ಒಂದು ದಿನ ಕಚೇರಿ ಬಿಟ್ಟ ಮೇಲೆ ಶೂ ಕೊಳ್ಳಲು ಬಂಟ್ವಾಳ ಪೇಟೆಯ ಅಸ್ಕರಾಕನ ಚಪ್ಪಲಿ ಅಂಗಡಿಗೆ ಹೋದಳು.

ಊರವರು ಗೌರವದಿಂದ ಅಸ್ಕರಾಕ ಎನ್ನುತ್ತಿದ್ದ ಅಸ್ಕರ್ ಶಾರ್ಜಾದಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವನು. ಅಲ್ಲಿ ಗೆಳೆಯರ ಜೊತೆ ಮ್ಯಾರಥಾನ್ ಓಡಿದ್ದ. ಇಲ್ಲಿಯೂ ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಭಾನುವಾರಗಳಲ್ಲಿ ಓಡುತ್ತಿದ್ದ. ಈ ಸಲ ತಾನೂ ಮಂಗಳೂರಿನ ಮ್ಯಾರಥಾನ್ ಓಡಬೇಕೆಂದಿದ್ದೇನೆ ಎಂದು ಸಾಧನಾ ಹೇಳಿದಾಗ ಅವನು ಶೂ ಡಬ್ಬಿಯನ್ನು ಕೆಳಗೆ ಇಳಿಸಲೇ ಇಲ್ಲ.

"ಮೊದಲು ಹೃದಯ ಪರೀಕ್ಷೆ ಮಾಡಿಸಿ ಬನ್ನಿ ಮೇಡಂ. ಶೂ ಎಲ್ಲಿಗೂ ಓಡಿ ಹೋಗುವುದಿಲ್ಲ."

ಪರೀಕ್ಷೆ ಮಾಡಿಸಿದಳು, ಶೂ ಸಿಕ್ಕಿತು, ಭಾನುವಾರದ ಗುಂಪಿಗೂ ಸೇರಿದಳು. ಬೆಳಗಿನ ಜಾವ ಸ್ಕೂಟರಿನಲ್ಲಿ ವಾಮದಪದವಿಗೆ ಬರುವುದು, ಅಲ್ಲಿಂದ ಎಲ್ಲರೂ ಸಿದ್ದಕಟ್ಟೆಯ ಕಡೆಗೆ ಓಡುವುದು. ಅಸ್ಕರಾಕನದ್ದು ಒಂದೇ ಪಾಠ: ಪಕ್ಕದವರ ಹತ್ತಿರ ಮಾತಾಡಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ದೂರವನ್ನು ವಾರವಾರವೂ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದ. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸುತ್ತಿದ್ದ. ದಾರಿಯ ನಡುವೆ ಎಲ್ಲರನ್ನೂ ನಿಲ್ಲಿಸಿ ನೀರು ಕುಡಿಸುತ್ತಿದ್ದ.

ಸಾಧನಾ ಮಾತ್ರ ಕುಡಿಯುತ್ತಿರಲಿಲ್ಲ. ಅಸ್ಕರ್ ಬಾಟಲಿ ಚಾಚಿದರೆ ನಕ್ಕು, ಬೇಡ ಎಂದು ಕೈಯಾಡಿಸುತ್ತಿದ್ದಳು. ಒಂದೆರಡು ಸಲ ಒತ್ತಾಯಿಸಿದ ಅವನು ಆಮೇಲೆ ಸುಮ್ಮನಾದ.

ಸಂಜೆ ಸೂರ್ಯ ಮುಳುಗಿದ ಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ಅನ್ನವನ್ನೂ ನೀರನ್ನೂ ಮುಟ್ಟುವುದಿಲ್ಲವೆಂಬ ವ್ರತ ಅವಳದು. ಮನೆಯಲ್ಲಿ ಅತ್ತೆ ಕಮಲಾವತಿ ಮೊದಲಿನಿಂದ ನಡೆಸಿಕೊಂಡು ಬಂದದ್ದು. ಐದು ವರ್ಷದ ಹಿಂದೆ ಬಸದಿಯಲ್ಲಿ ಸಾಧನಾ ತಾನಾಗಿಯೇ ಅದನ್ನು ತೆಗೆದುಕೊಂಡಿದ್ದಳು. ಜೈನರ ಮನೆಗಳಲ್ಲಿ ಅದು ದೊಡ್ಡ ಸಂಗತಿಯೂ ಅಲ್ಲ, ಹೇಳಿಕೊಂಡು ತಿರುಗುವ ವಿಷಯವೂ ಅಲ್ಲ. ಓಟ ಚಿಕ್ಕದಿದ್ದಾಗ ಕಷ್ಟವೇನೂ ಆಗಲಿಲ್ಲ. ಮನೆಗೆ ಬಂದು ಚೊಂಬು ಎತ್ತಿದರೆ ಮುಗಿಯಿತು.

ಅಕ್ಟೋಬರಿನಲ್ಲಿ ಮಳೆ ನಿಂತು ಸೆಕೆ ಏರಿತು. ಆ ಭಾನುವಾರ ಅವರು ಕತ್ತಲೆಯಲ್ಲೇ ಬಹಳ ದೂರ ಓಡಿದ್ದರು. ಉಳಿದವರು ಮುಂದೆ ಹೋಗಿ, ಸಾಧನಾಳ ಪಕ್ಕದಲ್ಲಿ ಅಸ್ಕರ್ ಒಬ್ಬನೇ ಉಳಿದಿದ್ದ. ಮೂಡಣ ಬಿಳುಪೇರುವ ಹೊತ್ತಿಗೆ ಅವಳಿಗೆ ಬೆವರು ನಿಂತು ಮೈ ಚಳಿಗುಟ್ಟಿತು. ಅವನು ಏನೋ ಕೇಳಿದ. ಉತ್ತರ ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ. ರಸ್ತೆ ಒಂದು ಬದಿಗೆ ವಾಲಿದಂತಾಯಿತು.

ಎಚ್ಚರವಾದಾಗ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಮಲಗಿದ್ದಳು. ಅಸ್ಕರ್ ಅವಳ ಕಾಲುಗಳನ್ನು ತನ್ನ ಚೀಲದ ಮೇಲೆ ಎತ್ತಿ ಇಟ್ಟಿದ್ದ. ತಲೆಗೂ ಮಣಿಕಟ್ಟಿಗೂ ನೀರು ಹಾಕಿದ್ದ. ಬಾಟಲಿಯನ್ನು ತುಟಿಯ ಹತ್ತಿರ ತಂದಾಗ ಅವಳ ಕೈ ತಾನಾಗಿಯೇ ಅದನ್ನು ತಡೆಯಿತು.

ಅಸ್ಕರ್ ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ಸ್ವರ ಸಣ್ಣದಾಗಿತ್ತು.

"ನನ್ನ ಬಾಟಲಿ ಆಗುವುದಿಲ್ಲ ಅಂತಾದ್ರೆ ಹೇಳಿ ಮೇಡಂ. ಮುಂದೆ ಒಂದು ಅಂಗಡಿ ಉಂಟು. ಬಾಗಿಲು ತಟ್ಟಿ ಬೇರೆ ಬಾಟಲಿ ತರ್ತೇನೆ. ಆದ್ರೆ ನೀರು ಕುಡಿಯದೆ ಆಗುವುದಿಲ್ಲ."

ಸಾಧನಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಇಷ್ಟು ವಾರ ತಾನು ನಗುತ್ತಾ ಕೈಯಾಡಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಅಯ್ಯೋ, ಅದಲ್ಲ ಅಸ್ಕರಾಕ. ಯಾರ ಬಾಟಲಿಯಾದ್ರೂ ಅಷ್ಟೇ. ಸೂರ್ಯ ಹುಟ್ಟದೆ ನಾನು ನೀರು ಕುಡಿಯುವುದಿಲ್ಲ. ನಮ್ಮ ವ್ರತ ಅದು."

ಅವನು ಬೆಂಚಿನ ತುದಿಯಲ್ಲಿ ಕುಳಿತು ಎರಡೂ ಕೈಗಳಿಂದ ಮುಖ ಒರೆಸಿಕೊಂಡ.

"ಇದನ್ನು ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

"ನೀವು ಕೇಳಲಿಲ್ಲ."

"ಕೇಳುವುದು ಹೇಗೆ? ಹೀಗಿರಬಹುದು ಅಂತ ನಾನೇ ಅಂದುಕೊಂಡು ಸುಮ್ಮನಾದೆ. ತಪ್ಪು ನನ್ನದೂ ಉಂಟು."

ಅವನು ಬಾಟಲಿಯನ್ನು ಇಬ್ಬರ ನಡುವೆ ಇಟ್ಟ. ಗದ್ದೆಯಾಚೆಯ ಗುಡ್ಡದ ಮೇಲೆ ಬಿಸಿಲು ಬೀಳುವವರೆಗೆ ಒದ್ದೆ ಟವೆಲಿನಿಂದ ಅವಳಿಗೆ ಗಾಳಿ ಹಾಕಿದ. ಬಿಸಿಲು ಬಂದದ್ದೇ ಸಾಧನಾ ಎದ್ದು ಕುಳಿತು ಆ ಬಾಟಲಿಯನ್ನು ಗುಟುಕು ಗುಟುಕಾಗಿ ಖಾಲಿ ಮಾಡಿದಳು.

"ರಂಜಾನಿನಲ್ಲಿ ನಾನೂ ಹಗಲಿಡೀ ಕುಡಿಯುವುದಿಲ್ಲ. ಆಗ ದೊಡ್ಡ ಓಟ ಓಡುವುದೇ ಇಲ್ಲ. ಉಪವಾಸ ಬಿಡುವುದಕ್ಕೆ ಸ್ವಲ್ಪ ಮೊದಲು ಸಣ್ಣದೊಂದು ಓಡ್ತೇನೆ, ಮುಗಿದ ಕೂಡಲೇ ನೀರು ಸಿಗ್ತದೆ. ವ್ರತ ಇರಲಿ ಮೇಡಂ, ಗಂಟೆ ಬದಲು ಮಾಡುವ."

ಭಾನುವಾರದ ಓಟದ ಗಂಟೆ ಬದಲಿಸಬಹುದಿತ್ತು. ಮಂಗಳೂರಿನ ಮ್ಯಾರಥಾನಿನ ಗಂಟೆಯನ್ನು ಬದಲಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಕಡಲತೀರದ ಬಿಸಿಲಿಗೆ ಹೆದರಿ ಅದನ್ನು ನಸುಕಿಗೂ ಮೊದಲೇ ಶುರುಮಾಡುತ್ತಿದ್ದರು. ಅರ್ಧ ದೂರ ನೀರಿಲ್ಲದೆ ಓಡಬೇಕು, ಇಲ್ಲವೇ ವ್ರತ ಮುರಿಯಬೇಕು.

ಅಂದು ಸಂಜೆ, ಬೆಳಕಿರುವಾಗಲೇ ಊಟಕ್ಕೆ ಕುಳಿತಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ಗಂಡ ಜಯೇಶ್ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದ.

"ಒಂದು ದಿನದ ಮಟ್ಟಿಗೆ ಬಿಡು ಮಾರಾಯ್ತಿ. ಆಮೇಲೆ ಪ್ರಾಯಶ್ಚಿತ್ತ ಮಾಡಿದರಾಯ್ತು."

"ಒಂದು ದಿನದ ಓಟಕ್ಕಾಗಿ ಐದು ವರ್ಷದ್ದನ್ನು ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ. ಓಟ ಬಿಡ್ಲಿಕ್ಕೂ ಇಲ್ಲ" ಎಂದಳು ಸಾಧನಾ. ಮಂಗಳೂರಿನಲ್ಲಿ ಓಡುತ್ತೇನೆಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಅದೊಂದು ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು.

ಕಮಲಾವತಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಓಡಬೇಡ ಎನ್ನುತ್ತಾರೆಂದು ಸೊಸೆ ಕಾದಿದ್ದಳು.

"ನೀನು ದಿನಾ ಅಂಗಳದಲ್ಲಿ ಇರುವೆ ಕಂಡರೆ ಬಳಸಿ ಹೋಗುವವಳು. ಕತ್ತಲೆಯಲ್ಲಿ ಅಷ್ಟು ದೂರ ಓಡಿದರೆ ಕಾಲಡಿಗೆ ಏನೇನು ಬೀಳ್ತದೆ ಅಂತ ಕಾಣ್ತದಾ? ಅದರ ಮೇಲೆ ನಿನ್ನದೂ ಒಂದು ಜೀವ. ಬಾಯಾರಿಸಿ ಬೀಳಿಸುವುದು ಯಾವ ವ್ರತ?" ಬಟ್ಟಲನ್ನು ಮತ್ತೆ ಹತ್ತಿರಕ್ಕೆಳೆದು ಕೇಳಿದರು, "ಬೆಳಕಾದ ಮೇಲೆ ಓಡಿಸುವ ಊರು ಒಂದೂ ಇಲ್ವಾ?"

ಆ ಪ್ರಶ್ನೆಯನ್ನು ಸಾಧನಾ ಹಾಗೆಯೇ ಅಸ್ಕರಾಕನಿಗೆ ಮುಟ್ಟಿಸಿದಳು. ಅವನು ಅಲ್ಲಿ ಇಲ್ಲಿ ವಿಚಾರಿಸಿ, ಘಟ್ಟದ ಮೇಲಿನ ಒಂದು ಊರಿನಲ್ಲಿ ಜನವರಿಯಲ್ಲಿ ಓಟ ಉಂಟೆಂದು ಪತ್ತೆ ಮಾಡಿದ. ಅಲ್ಲಿ ಚಳಿ. ಬಿಸಿಲು ಮೂಡಿದ ಮೇಲೆಯೇ ಓಡಿಸುತ್ತಾರೆ.

ಮಂಗಳೂರಿನ ಓಟವನ್ನು ಕೈಬಿಟ್ಟ ಸಂಗತಿ ಕಚೇರಿಯಲ್ಲಿ ಹೇಳುವಾಗ ಮುಜುಗರವಾಯಿತು. ಹೇಳಿ ಮುಗಿದ ಮೇಲೆ ಹಗುರವೂ ಆಯಿತು. ಮಂಗಳೂರಿನ ಓಟದ ದಿನ ಅಸ್ಕರ್ ಓಡಿದ. ಸಾಧನಾ ರಸ್ತೆಬದಿಯಲ್ಲಿ ನಿಂತು ಅವನ ಕೈಗೆ ನೀರು ಕೊಟ್ಟಳು.

ಅಲ್ಲಿಂದ ಮುಂದೆ ಭಾನುವಾರದ ಓಟ ಬೆಳಕಾದ ಮೇಲೆಯೇ. ನೀರಿಗೆ ಬೆಲ್ಲ, ಉಪ್ಪು, ಲಿಂಬೆ ಹಿಂಡಿಕೊಂಡು ಹೋಗುವುದು, ನೆರಳಿರುವ ರಸ್ತೆ ಹಿಡಿಯುವುದು, ಬಿಸಿಲು ಚುರುಕಾದರೆ ಲೆಕ್ಕ ನೋಡದೆ ನಿಲ್ಲಿಸುವುದು. ಡಿಸೆಂಬರಿನಲ್ಲಿ ಮೊಣಕಾಲ ಕೆಳಗೆ ನೋವು ಬಂದಾಗ ಅಸ್ಕರ್ ವಾರವಿಡೀ ಓಡಲು ಬಿಡಲಿಲ್ಲ. ಸಾಧನಾ ಸಿಡುಕಿದಳು, ಆದರೂ ಕೇಳಿದಳು.

ಎಲ್ಲಕ್ಕಿಂತ ಉದ್ದದ ಓಟವನ್ನು ನಾರಾವಿಯಿಂದ ಶುರುಮಾಡಿದರು. ಕಮಲಾವತಿ ತಾನೂ ನೋಡಬೇಕೆಂದು ಹಟ ಹಿಡಿದು ಜಯೇಶನ ಕಾರಿನಲ್ಲಿ ಹೊರಟರು. ಕಾರು ಮುಂದೆ ಹೋಗಿ ನಿಲ್ಲುವುದು, ಸಾಧನಾ ಅಸ್ಕರ್ ಬಂದು ಮುಟ್ಟುವುದು, ಕಮಲಾವತಿ ಕಿಟಕಿಯಿಂದಲೇ ನೀರು ಕೊಡುವುದು. ಮೂರನೆಯ ಸಲ ಅವರು ತಡೆಯದೆ ಕೇಳಿದರು:

"ಇಷ್ಟು ನಿಧಾನವಾ? ಇದಕ್ಕೂ ಓಟ ಅಂತಲೇ ಹೇಳುವುದಾ?"

"ಇಷ್ಟು ನಿಧಾನ ಓಡ್ಲಿಕ್ಕೆ ಕಲಿಯುವುದೇ ಕಷ್ಟ ಅಮ್ಮ" ಎಂದ ಅಸ್ಕರ್.

ಜನವರಿಯ ಆ ಬೆಳಿಗ್ಗೆ ಘಟ್ಟದ ಮೇಲೆ ಮಂಜು ಕವಿದಿತ್ತು. ಸಾಧನಾ ಬಿಸಿಲು ಬಂದ ಮೇಲೆ ನೀರು ಕುಡಿದು, ಬಾಳೆಹಣ್ಣು ತಿಂದು ನಿಂತಳು. ಮೊದಲರ್ಧ ಅಸ್ಕರನ ಜೊತೆ ಮಕ್ಕಳ ಓದು, ಕಚೇರಿಯ ಸುದ್ದಿ ಮಾತಾಡುತ್ತಲೇ ಓಡಿದಳು. ಆಮೇಲೆ ಅವನನ್ನು ಮುಂದೆ ಕಳಿಸಿದಳು. ಏರುಗಳಲ್ಲಿ ನಡೆದಳು. ಕೊನೆಯ ಹತ್ತು ಕಿಲೋಮೀಟರಿನಲ್ಲಿ ತೊಡೆಗಳು ಕಲ್ಲಾದವು. ಒಂದು ಮೋರಿಯ ಮೇಲೆ ಕುಳಿತು, ಇದೆಲ್ಲ ಯಾಕೆ ಬೇಕಿತ್ತು ಎಂದು ತನ್ನನ್ನೇ ಕೇಳಿಕೊಂಡಳು. ತಲೆ ಮಾತ್ರ ತಿಳಿಯಾಗಿತ್ತು. ಬೆವರು ಹರಿಯುತ್ತಿತ್ತು, ನಾಲಿಗೆ ಹೊರಳುತ್ತಿತ್ತು. ಹಾಗಾದರೆ ಸರಿ ಎಂದು ಎದ್ದಳು.

ಅವಳು ಮೈದಾನ ಮುಟ್ಟಿದಾಗ ಶಾಮಿಯಾನ ಬಿಚ್ಚಲು ಶುರುಮಾಡಿದ್ದರು. ಓಟದ ಗಡಿಯಾರ ಇನ್ನೂ ಓಡುತ್ತಿತ್ತು. ಗೆರೆ ದಾಟಿದ್ದೇ ಅಸ್ಕರ್ ಮತ್ತು ಜಯೇಶ್ ಎರಡು ಬದಿಯಿಂದ ಬಂದು ಹಿಡಿದರು. ಅವಳಿಗೆ ಅಳು ಬಂತು. ಆಮೇಲೆ ಹಸಿವೆ ಎಂದಳು.

ಎರಡು ದಿನ ರಜೆ ಹಾಕಿ ಬುಧವಾರ ಕಚೇರಿಗೆ ಹೋದಳು. ತೊಡೆನೋವಿಗೆ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಪಕ್ಕದ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದಾಗ ಕೆಳಗಿನಿಂದ ಬಂದ ಸಹೋದ್ಯೋಗಿ ಜಸ್ನಾ ನಿಂತು ನೋಡಿದಳು.

"ಎಷ್ಟನೆಯವರಾಗಿ ಬಂದಿರಿ ಮೇಡಂ?"

"ಕೊನೆಯಿಂದ ಎಣಿಸಿ ಜಸ್ನಾ, ಬೇಗ ಸಿಕ್ತೇನೆ" ಎಂದು ಸಾಧನಾ ಇನ್ನೊಂದು ಮೆಟ್ಟಿಲು ಇಳಿದಳು.